ಬೂದು ಚಿತ್ರದಲ್ಲಿ ಕೆಂಪು ಮಚ್ಚೆ

ಮದ್ದೂರಿನಲ್ಲಿ ನನಗೆ ಸಿಕ್ಕ ಕೆಲಸ ಎಂಥದ್ದೆಂದು ಅಮ್ಮನಿಗೆ ತಿಳಿಸಿ ಹೇಳಲು ಒಂದು ವಾರ ಹಿಡಿಯಿತು. ಕಂಪ್ಯೂಟರಿನಲ್ಲಿ ಚಿತ್ರಗಳ ಮೇಲೆ ಗೆರೆ ಎಳೆಯುವುದು ಎಂದೆ. “ಬಿಎಸ್ಸಿ ಮಾಡ್ಕಂಡು ರಂಗೋಲಿ ಬುಡಕ್ಕೆ ಓಯ್ತಿದೀಯಾ?” ಎಂದಳು. ಹೆಂಗಸರ ಹೊಟ್ಟೆಯ ಸ್ಕ್ಯಾನಿಂಗ್ ಚಿತ್ರಗಳು ಎಂದೂ ಹೇಳಿದೆ. ಆಮೇಲೆ ನೆಂಟರ ಎದುರಿಗೆ ‘ಆಫೀಸಿಗೆ ಓಯ್ತಾಳೆ’ ಎನ್ನುವುದರ ಆಚೆಗೆ ಒಂದು ಮಾತು ಆಡುತ್ತಿರಲಿಲ್ಲ.

ನಮ್ಮ ಮನೆ ಮಳವಳ್ಳಿಯಲ್ಲಿ. ಬೆಳಿಗ್ಗೆ ಬಸ್ಸು ಹತ್ತಿ ಮದ್ದೂರಿಗೆ ಹೋಗಿ, ಗೊಬ್ಬರದ ಅಂಗಡಿಯೊಂದರ ಮಹಡಿಯ ಮೇಲಿದ್ದ ಕೋಣೆಯಲ್ಲಿ ಸಂಜೆಯವರೆಗೆ ಕೂರುತ್ತಿದ್ದೆ. ನಾವು ನಾಲ್ವರು ಹೆಂಗಸರು. ಸ್ಕ್ಯಾನಿಂಗ್ ಚಿತ್ರಗಳು ಬರೀ ಕಪ್ಪು, ಬೂದು, ಬಿಳಿ. ಬೆಳಕಿದ್ದರೆ ಬೂದಿನೊಳಗಿನ ಬೂದು ಕಾಣುವುದಿಲ್ಲವೆಂದು ಕಿಟಕಿಗಳಿಗೆಲ್ಲ ಕಪ್ಪು ಕಾಗದ ಅಂಟಿಸಿದ್ದರು. ಹೊರಗೆ ರಣಬಿಸಿಲು, ಒಳಗೆ ನಾಲ್ಕು ಪರದೆಗಳ ಮಂಕು ಬೆಳಕು, ಕೆಳಗಿನಿಂದ ಏರಿ ಬರುವ ಯೂರಿಯಾದ ವಾಸನೆ. ಹತ್ತಿರದ ಹಳಿಯಲ್ಲಿ ರೈಲು ಹೋದಾಗ ಮೇಜು ಸಣ್ಣಗೆ ನಡುಗುತ್ತಿತ್ತು. ಪರದೆಯ ಮೇಲಿನ ಹೊಟ್ಟೆಯೂ ಉಸಿರಾಡಿದಂತೆ ಕಾಣುತ್ತಿತ್ತು.

ಚಿತ್ರಗಳು ಬರುತ್ತಿದ್ದದ್ದು ಮಂಡ್ಯದ ಆಸ್ಪತ್ರೆಯೊಂದರಿಂದ. ಹೆಸರು, ವಯಸ್ಸು, ತಾರೀಕು ಎಲ್ಲ ಅಳಿಸಿ ಒಂದು ಸಂಖ್ಯೆ ಮಾತ್ರ ಬಿಟ್ಟಿರುತ್ತಿದ್ದರು. ಪ್ರತಿ ಚಿತ್ರದಲ್ಲೂ ಅಂಡಾಶಯ ಎಲ್ಲಿದೆ ಎಂದು ಹುಡುಕಿ ಅದರ ಸುತ್ತ ಗೆರೆ ಎಳೆಯಬೇಕು, ಒಳಗೆ ಗಡ್ಡೆಯಿದ್ದರೆ ಅದರ ಸುತ್ತಲೂ ಎಳೆಯಬೇಕು. ಕೆಳಗೆ ‘ಸಾಮಾನ್ಯ’, ‘ನೀರುಗಡ್ಡೆ’, ‘ಅನುಮಾನ’ ಎಂಬ ಮೂರರಲ್ಲಿ ಒಂದನ್ನು ಒತ್ತಬೇಕು. ಹೀಗೆ ಸಾವಿರಾರು ಚಿತ್ರಗಳಿಗೆ ನಾವು ಗುರುತು ಹಾಕಿಕೊಟ್ಟರೆ ಅವನ್ನು ನೋಡಿ ನೋಡಿ ಯಂತ್ರ ತಾನೇ ಕಲಿಯುತ್ತದೆ, ಮುಂದೊಂದು ದಿನ ಅಂಡಾಶಯದ ಕ್ಯಾನ್ಸರನ್ನು ಮೊದಮೊದಲಲ್ಲೇ ಹಿಡಿಯುತ್ತದೆ ಎಂಬುದು ಯೋಜನೆ.

ನಮಗೆ ಕಲಿಸಲು ಗುರುವಾರಕ್ಕೊಮ್ಮೆ ಮಂಡ್ಯದಿಂದ ಒಬ್ಬ ಡಾಕ್ಟರಮ್ಮ ಬರುತ್ತಿದ್ದರು. ನಿವೃತ್ತಿಗೆ ಹತ್ತಿರವಾದವರು, ಜೀವನವಿಡೀ ಸ್ಕ್ಯಾನಿಂಗ್ ಕೋಣೆಯಲ್ಲೇ ಕಳೆದವರು. ನಾವು ಅವರನ್ನು ಮೇಡಂ ಎನ್ನುತ್ತಿದ್ದೆವು. “ಕಪ್ಪಗಿರೋದು ನೀರು. ಸುತ್ತ ಬೆಳ್ಳಗಿರೋದು ಗೋಡೆ. ಗೋಡೆಯಿಂದ ಒಳಗಡೆಗೆ ಏನಾದ್ರೂ ಚಿಗುರಿದ ಹಾಗೆ ಕಂಡ್ರೆ ನನ್ನ ಕರೀರಿ” ಎನ್ನುತ್ತಿದ್ದರು. ಈ ಕಾಯಿಲೆ ಬಂದ ಹೆಂಗಸರಿಗೆ ಮೊದಲು ನೋವೇ ಇರುವುದಿಲ್ಲವಂತೆ. ಹೊಟ್ಟೆಯುಬ್ಬರ, ಎರಡು ತುತ್ತು ತಿನ್ನುವಷ್ಟರಲ್ಲಿ ಸಾಕೆನಿಸುವುದು, ಆಗಾಗ ಮೂತ್ರಕ್ಕೆ ಹೋಗಬೇಕೆನಿಸುವುದು, ಅಷ್ಟೆ. ಗ್ಯಾಸು ಅಂದುಕೊಂಡು ಓಂಕಾಳು ಅಗಿದು ಕೂತಿರುತ್ತಾರೆ. ಗೊತ್ತಾಗುವ ಹೊತ್ತಿಗೆ ಅದು ಹೊಟ್ಟೆಯ ತುಂಬ ಹರಡಿರುತ್ತದೆ.

ನಾಲ್ಕು ತಿಂಗಳು ಕಳೆಯುವಷ್ಟರಲ್ಲಿ ನನ್ನ ಕಣ್ಣಿಗೆ ಏನೋ ಆಯಿತು. ಸಂಜೆ ಬಸ್ಸಿನಲ್ಲಿ ಎದುರು ನಿಂತ ಹೆಂಗಸಿನ ಸೀರೆಯ ನೆರಿಗೆಯ ಹಿಂದೆ ಸ್ಕ್ಯಾನಿಂಗ್ ಚಿತ್ರದ ಅದೇ ಬೂದುಬಣ್ಣದ ಬೀಸಣಿಗೆಯಂಥ ಆಕಾರ ತೆರೆದುಕೊಳ್ಳುತ್ತಿತ್ತು. ಅದರೊಳಗೆ ಎಡಕ್ಕೊಂದು ಬಲಕ್ಕೊಂದು ಬಾದಾಮಿಯಷ್ಟರ ನೆರಳು. ಮುಖ ನೋಡುವ ಮೊದಲೇ ಹೊಟ್ಟೆ ನೋಡುತ್ತಿದ್ದೆ. ಒಂದು ದಿನ ಸೊಪ್ಪು ಮಾರುವವಳು, “ಯಾಕವ್ವ ಅಂಗ್ ನೋಡ್ತೀಯ, ನಾನೇನ್ ಬಸ್ರಿ ಅಲ್ಲ” ಎಂದು ಸೆರಗು ಎಳೆದುಕೊಂಡಳು. ನಾಚಿಕೆಯಾಗಿ ಕಿಟಕಿಯ ಕಡೆ ತಿರುಗಿದೆ. ಗಾಜಿನಲ್ಲಿ ಕಂಡ ನನ್ನ ಮುಖವೂ ಬೂದಾಗಿತ್ತು.

ಆ ವರ್ಷ ಆಷಾಢಕ್ಕೆ ಮುಂಚೆ ಯಂತ್ರದ ಪರೀಕ್ಷೆ ಶುರುವಾಯಿತು. ಅದು ಎಂದೂ ನೋಡಿರದ ಚಿತ್ರಗಳನ್ನು ಅದಕ್ಕೆ ಕೊಡುವುದು. ಆ ಚಿತ್ರಗಳಿಗೆ ನಾವು ಮೊದಲೇ ಗುರುತು ಹಾಕಿ, ಮೇಡಂ ಒಪ್ಪಿಗೆ ಕೊಟ್ಟು, ಬೇರೆ ಇಟ್ಟಿದ್ದೆವು. ಯಂತ್ರದ ಉತ್ತರವನ್ನು ನಮ್ಮ ಉತ್ತರದ ಪಕ್ಕದಲ್ಲಿಟ್ಟು ನೋಡುವುದು. ಎಲ್ಲಿ ಅದಕ್ಕೆ ಅನುಮಾನ ಬಂತೋ ಅಲ್ಲಿ ಚಿತ್ರದ ಮೇಲೆ ಒಂದು ಕೆಂಪು ಮಚ್ಚೆ ಮೂಡುತ್ತಿತ್ತು, ಒದ್ದೆ ಬಟ್ಟೆಗೆ ಕುಂಕುಮ ತಾಗಿ ಹರಡಿದ ಹಾಗೆ.

ಬಹಳಷ್ಟು ಕಡೆ ಅದರದ್ದೂ ನಮ್ಮದೂ ಒಂದೇ ಉತ್ತರ. ಕೆಲವು ಕಡೆ ಅದು ತಪ್ಪು ಮಾಡಿತ್ತು. ಕರುಳಿನ ಒಂದು ಸುತ್ತನ್ನು ಗಡ್ಡೆ ಅಂದುಕೊಂಡಿತ್ತು, ಒಂದೆಡೆ ತುಂಬಿದ ಮೂತ್ರಕೋಶದ ಅಂಚಿಗೆ ಹೆದರಿತ್ತು. ಮೇಡಂ ನಗುತ್ತ ಅವನ್ನೆಲ್ಲ ತಳ್ಳಿಹಾಕಿದರು. ಒಂದು ಚಿತ್ರ ಬಂದಾಗ ಮಾತ್ರ ನಗಲಿಲ್ಲ.

ಬಲಗಡೆಯ ಅಂಡಾಶಯ. ನೋಡಲು ಏನೂ ಇಲ್ಲ. ಗಾತ್ರ ಸರಿಯಿದೆ, ಗೋಡೆ ನಯವಾಗಿದೆ. ಅಂಥ ಜಾಗದಲ್ಲಿ ಕಡುಕೆಂಪು ಮಚ್ಚೆ. ಮೇಡಂ ಮಚ್ಚೆ ತೆಗೆದು ನೋಡಿದರು, ಹಾಕಿ ನೋಡಿದರು. ಕುರ್ಚಿ ಹಿಂದಕ್ಕೆ ಸರಿಸಿ ದೂರದಿಂದ ನೋಡಿದರು. ಇದಕ್ಕೆ ಗುರುತು ಹಾಕಿದವರು ಯಾರು ಎಂದು ಕೇಳಿದರು. ಪರದೆಯ ಮೂಲೆಯಲ್ಲಿ ನನ್ನ ಸಂಖ್ಯೆಯಿತ್ತು. ‘ಸಾಮಾನ್ಯ’ ಎಂದು ಒತ್ತಿದ್ದವಳು ನಾನು.

“ನಾನೂ ಸರಿ ಅಂತ ಒಪ್ಪಿದ್ದೀನಿ” ಎಂದರು ಮೇಡಂ. “ಈಗಲೂ ನನಗೇನೂ ಕಾಣ್ತಿಲ್ಲ. ಆದ್ರೆ ಇಲ್ಲ ಅನ್ನೋಕ್ಕೂ ಧೈರ್ಯ ಬರ್ತಿಲ್ಲ.”

ಯಂತ್ರ ನೋಡಿಕೊಳ್ಳುವ ಇಂಜಿನಿಯರನ್ನು ಫೋನಿನಲ್ಲಿ ಕೇಳಿದರು. ಅದಕ್ಕೆ ಯಾಕೆ ಹಾಗನಿಸಿತು ಎಂದು ಅವನೂ ಹೇಳಲಾರ. ಎಲ್ಲಿ ನೋಡಿತು ಎಂದು ತೋರಿಸಬಹುದೇ ಹೊರತು ಏನು ನೋಡಿತು ಎಂದು ಗೊತ್ತಾಗುವುದಿಲ್ಲವಂತೆ. ಅದಕ್ಕೆ ನೋಡುವುದನ್ನು ಕಲಿಸಿದವರು ನಾವು. ಇದನ್ನು ಅದು ನಮ್ಮಿಂದ ಕಲಿತಿರಲಿಲ್ಲ.

ಸಂಖ್ಯೆಯ ಹಿಂದೆ ಯಾರಿದ್ದಾರೆಂಬ ಪಟ್ಟಿ ಮಂಡ್ಯದ ಆಸ್ಪತ್ರೆಯಲ್ಲಿ ಬೀಗದೊಳಗಿತ್ತು. ಅಲ್ಲಿನ ಸಂಶೋಧನಾ ಸಮಿತಿಯವರ ಒಪ್ಪಿಗೆ ಪಡೆದು ಅದನ್ನು ತೆಗೆಸಲು ಮೇಡಂಗೆ ಹತ್ತು ದಿನ ಹಿಡಿಯಿತು. ಪೂರಿಗಾಲಿಯ ಹೆಂಗಸು, ವಯಸ್ಸು ನಲವತ್ತಾರು. ಆ ವರ್ಷ ಶಿವರಾತ್ರಿ ಕಳೆದ ವಾರ ಸ್ಕ್ಯಾನ್ ಆಗಿದೆ. ಕೊಟ್ಟಿದ್ದ ಫೋನ್ ನಂಬರ್ ಚಾಲ್ತಿಯಲ್ಲಿಲ್ಲ.

“ನೀನು ಮಳವಳ್ಳಿಯವಳು, ಊರು ಗೊತ್ತಿರುತ್ತೆ. ನನ್ನ ಜೊತೆ ಬರ್ತೀಯಾ?” ಎಂದು ಕೇಳಿದರು. ನಾನು ಹೂಂ ಎಂದೆ. ಅವರು ಕೇಳದಿದ್ದರೂ ಹೋಗುತ್ತಿದ್ದೆನೇನೋ. ‘ಸಾಮಾನ್ಯ’ ಎಂಬ ಗುಂಡಿಯನ್ನು ಒತ್ತಿದ ಬೆರಳು ಅಷ್ಟು ದಿನವೂ ನನ್ನದಲ್ಲದ ಹಾಗೆ ಅನಿಸುತ್ತಿತ್ತು.

ಒಂದು ಶನಿವಾರ ಮಧ್ಯಾಹ್ನ ಮೇಡಂ ಕಾರಿನಲ್ಲಿ ಪೂರಿಗಾಲಿಗೆ ಹೋದೆವು. ಆಷಾಢದ ಗಾಳಿ ಕಬ್ಬಿನ ಗದ್ದೆಗಳನ್ನು ಒಂದೇ ಕಡೆಗೆ ಬಾಗಿಸಿತ್ತು. ಹಾಲಿನ ಡೈರಿಯ ಮುಂದೆ ಕೂತಿದ್ದ ಒಬ್ಬಾಕೆಯನ್ನು ಆ ಹೆಸರು ಹೇಳಿ ಮನೆ ಯಾವುದೆಂದು ಕೇಳಿದೆ. ಅವಳು ನನ್ನನ್ನೂ ಮೇಡಂರನ್ನೂ ಒಮ್ಮೆ ನೋಡಿದಳು. “ಅವ್ಳನ್ನ ಕೇಳ್ಕಂಡ್ ಬಂದ್ರಾ?” ಎಂದಳು. ಬೀದಿಯ ಕೊನೆಗೆ ಕೈ ತೋರಿಸಿ, ಎದ್ದು ಒಳಗೆ ಹೋದಳು.

ಅದು ರೇಷ್ಮೆಹುಳು ಸಾಕುವ ಮನೆ. ಜಗಲಿಯಲ್ಲಿ ಐವತ್ತು ದಾಟಿದ ಗಂಡಸೊಬ್ಬ ಹಿಪ್ಪುನೇರಳೆ ಸೊಪ್ಪು ರಾಶಿ ಹಾಕಿಕೊಂಡು ಕೂತಿದ್ದ. ಗೋಡೆಗೊರಗಿ ಅವನ ಮುದಿ ತಾಯಿ. ಕಣ್ಣುಗಳಲ್ಲಿ ಬಿಳಿ ಪೊರೆ. ಬಾಗಿಲ ಬಳಿ ಕಾಲೇಜು ಓದುವ ವಯಸ್ಸಿನ ಮಗಳು ನಿಂತಿದ್ದಳು. ಒಳಗಿನಿಂದ ಸಾವಿರಾರು ಹುಳು ಒಟ್ಟಿಗೆ ಸೊಪ್ಪು ತಿನ್ನುವ ಸದ್ದು ಬರುತ್ತಿತ್ತು, ತುಂತುರು ಮಳೆ ಬಿದ್ದ ಹಾಗೆ. ಆಕಾಶದಲ್ಲಿ ಒಂದು ಹನಿಯೂ ಇರಲಿಲ್ಲ.

“ನಿಮ್ಮ ಮನೆಯವರನ್ನ ನೋಡಬೇಕಿತ್ತು. ಮಂಡ್ಯ ಆಸ್ಪತ್ರೆಯಿಂದ ಬಂದಿದ್ದೀವಿ” ಎಂದರು ಮೇಡಂ.

ಅವನ ಕೈ ನಿಂತಿತು. “ಅವ್ಳು ಓಗಿ ಒಂದ್ ವರ್ಸದ್ ಮೇಲಾಯ್ತಲ್ಲ ಕಣಮ್ಮ” ಎಂದ. “ಓದ್ ವರ್ಸ ಉಗಾದಿಗೆ ಮುಂಚೇನೇ ತೀರ್ಕಂಡ್ಲು.”

ಒಳಗೆ ಗೋಡೆಯ ಮೇಲೆ ಫೋಟೋ ಕಾಣುತ್ತಿತ್ತು. ಗಂಧದ ಹಾರ, ಸಣ್ಣ ಕೆಂಪು ಬಲ್ಬು. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಸತ್ತದ್ದು ಹೋದ ವರ್ಷ ಯುಗಾದಿಗೆ ಮುಂಚೆ. ಸ್ಕ್ಯಾನ್ ಆದದ್ದು ಈ ವರ್ಷ ಶಿವರಾತ್ರಿಯ ನಂತರ. ಮೇಡಂ ಕೈಯಲ್ಲಿದ್ದ ಕಾಗದವನ್ನು ಇನ್ನೊಮ್ಮೆ ನೋಡಿ ಮಡಚಿದರು.

“ಏನಾಗಿತ್ತು ಅವರಿಗೆ?”

“ಒಟ್ಟೆ ಊದ್ಕತು. ನೀರು ತುಂಬ್ಕತು ಅಂದ್ರು. ತೆಗ್ಸುದ್ರೆ ಮತ್ತೆ ತುಂಬ್ಕಳದು. ಆಸ್ಪತ್ರೆಯೋರು ದೊಡ್ಡೂರ್ಗೆ ಕರ್ಕಂಡೋಗಿ ಅನ್ನೋ ಒತ್ಗೆ ಮುಗ್ದೋಯ್ತು.” ಅವನು ಮೇಡಂ ಮುಖ ನೋಡಿದ. “ಈಗ್ಯಾಕ್ ಬಂದ್ರಿ?”

“ಅವರ ಹೆಸರಲ್ಲಿ ಈ ವರ್ಷ ಒಂದು ಸ್ಕ್ಯಾನಿಂಗ್ ಆಗಿದೆ.”

ಅವನಿಗೆ ಅದು ಅರ್ಥವಾಗಲಿಲ್ಲ. ಮುದುಕಿಗೆ ಆಯಿತು. ಗೋಡೆ ಹಿಡಿದು ನೇರ ಕೂತಳು. “ನಾನ್ ಯೋಳಿದ್ರೆ ಯಾರೂ ನಂಬ್ಲಿಲ್ಲ. ಬಂದಿದ್ಲು ಅವ್ಳು. ಶಿವರಾತ್ರಿ ಆದ್ಮೇಲೆ ಒಂದಿನ, ಮಟಮಟ ಮದ್ಯಾನ. ಅವ್ಳುದೇ ಅಸ್ರು ಸೀರೆ ಮಂಜುಮಂಜಾಗ್ ಕಾಣ್ತು, ಒಳೀಕ್ ಓದ್ಲು. ಟ್ರಂಕು ತೆಗ್ದ್ ಸದ್ದಾಯ್ತು. ಯಾರವ್ವ ಅಂದ್ರೆ ಮಾತಾಡ್ಲಿಲ್ಲ. ನಡ್ಗೆ ಅವ್ಳುದೇ ಕಣವ್ವ. ನಂಗೆ ಕಣ್ ಸರ್ಯಾಗ್ ಕಾಣಾಕಿಲ್ಲ ಅಂತ ನಡ್ಗೆ ಗೊತ್ತಾಗಲ್ವಾ?”

“ಸುಮ್ಕಿರವ್ವ” ಎಂದ ಮಗ. ಆದರೆ ಅವನ ಕೈ ಸೊಪ್ಪಿನ ಮೇಲೆ ಸುಮ್ಮನೆ ಬಿದ್ದಿತ್ತು. ಒಳಗೆ ಹುಳುಗಳ ಸದ್ದು ಎಡೆಬಿಡದೆ ಕೇಳುತ್ತಿತ್ತು. ನನ್ನ ಕಣ್ಣ ಮುಂದೆ ಆ ಬೂದು ಚಿತ್ರ ಬಂತು. ಉಸಿರಿಲ್ಲದ ಹೊಟ್ಟೆಯೊಂದನ್ನು ಅಂದು ಮೇಜಿನ ಮೇಲೆ ಮಲಗಿಸಿದ್ದರೇ ಎಂದು ಕೇಳಿಕೊಂಡೆ. ಹುಚ್ಚು ಯೋಚನೆ ಎಂದು ಗೊತ್ತಿತ್ತು.

ತಪ್ಪಾಗಿರಬಹುದು, ವಿಚಾರಿಸುತ್ತೇವೆ ಎಂದು ಹೇಳಿ ಎದ್ದು ಬಂದೆವು. ಕಾರಿನ ಬಾಗಿಲು ತೆಗೆಯುವಾಗ ಹಿಂದಿನಿಂದ ಓಡಿ ಬರುವ ಹೆಜ್ಜೆಗಳು ಕೇಳಿದವು. ಮಗಳು. ಅಷ್ಟು ಹೊತ್ತೂ ಬಾಗಿಲ ಬಳಿ ನಿಂತಿದ್ದವಳು.

“ಮೇಡಂ, ಆ ಸ್ಕ್ಯಾನಿಂಗು ನಮ್ಮಮ್ಮಂದಲ್ಲ. ನಮ್ಮ ಚಿಕ್ಕಮ್ಮಂದು” ಎಂದಳು. ಏದುಸಿರು ಬಿಡುತ್ತಿದ್ದಳು. “ಅಪ್ಪನಿಗೆ ಗೊತ್ತಿಲ್ಲ. ಅಮ್ಮನ ಕಾರ್ಡು ಟ್ರಂಕಿನಲ್ಲಿದೆ ಅಂತ ಹೇಳಿದ್ದು ನಾನೇ. ಅಮ್ಮನ ಸೀರೆ ಚಿಕ್ಕಮ್ಮನಿಗೇ ಕೊಟ್ಟಿದ್ವಿ.”

ಅವಳ ಚಿಕ್ಕಮ್ಮ, ಅಂದರೆ ಸತ್ತವಳ ತಂಗಿ, ಬ್ಲಫ್ ಎಂಬ ಊರಿನಲ್ಲಿ, ಹೊಳೆ ಪಕ್ಕದ ವಿದ್ಯುತ್ ಕೇಂದ್ರದ ನೌಕರರ ಮನೆಗಳಲ್ಲಿ ಅಡುಗೆ ಮಾಡುತ್ತಿದ್ದಳು. ಮದುವೆಯಾಗಿ ಬಂದ ಮೇಲೆ ಗಂಡನ ರೇಷನ್ ಕಾರ್ಡಿಗೆ ಅವಳ ಹೆಸರು ಸೇರಿರಲೇ ಇಲ್ಲ. ಅದಿಲ್ಲದೆ ಬಿಟ್ಟಿ ಚಿಕಿತ್ಸೆಗೆ ಬೇಕಾದ ಆಸ್ಪತ್ರೆಯ ಕಾರ್ಡೂ ಆಗಿರಲಿಲ್ಲ. ಹೊಟ್ಟೆ ಭಾರ ಎಂದು ಶುರುವಾದಾಗ ಅಕ್ಕನ ಕಾರ್ಡು ಹಿಡಿದು ಮಂಡ್ಯಕ್ಕೆ ಹೋಗಿದ್ದಳು. ಇಬ್ಬರ ಮುಖವೂ ಒಂದೇ ಅಚ್ಚು. ಕೌಂಟರಿನಲ್ಲಿ ಯಾರೂ ಕೇಳಲಿಲ್ಲ.

ನನಗೆ ಸಮಾಧಾನವಾಯಿತು. ಮೇಡಂ ಮುಖ ಮಾತ್ರ ಸಡಿಲಾಗಲಿಲ್ಲ. “ಅಕ್ಕನಿಗೂ ಅದೇ ಇತ್ತು ಅನ್ಸುತ್ತೆ” ಎಂದು ಮೆಲ್ಲಗೆ ಹೇಳಿದರು. “ಹಾಗಾದ್ರೆ ಈಗಲೇ ಹೋಗ್ಬೇಕು.”

ಬ್ಲಫ್‌ಗೆ ಇಳಿಯುವ ರಸ್ತೆ ಕಡಿದಾಗಿದೆ. ಇಳಿದಂತೆಲ್ಲ ಒಂದು ಗುಂಯ್ ಎನ್ನುವ ನಾದ ಹತ್ತಿರವಾಗುತ್ತದೆ. ಎಲ್ಲಿಂದ ಬರುತ್ತಿದೆ ಎಂದು ಹೇಳಲಾಗದು, ನೆಲದಿಂದಲೇ ಬಂದ ಹಾಗಿರುತ್ತದೆ. ಅಲ್ಲಿಯವರಿಗೆ ಅದು ಕೇಳಿಸುವುದೇ ಇಲ್ಲವಂತೆ. ಕ್ವಾರ್ಟರ್ಸಿನ ಹಿಂದಿನ ಸಾಲಿನಲ್ಲಿ ಅವಳ ಮನೆ. ಬಾಗಿಲು ತೆರೆದವಳನ್ನು ನೋಡಿ ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಒಂದು ಗಂಟೆಯ ಹಿಂದೆ ಗಂಧದ ಹಾರದೊಳಗೆ ನೋಡಿದ ಅದೇ ಮುಖ.

ಮೊದಲು ಅವಳು ಒಪ್ಪಲಿಲ್ಲ. “ನಾನ್ ಯಾವ್ ಸ್ಕ್ಯಾನಿಂಗೂ ಮಾಡುಸ್ಕಂಡಿಲ್ಲ. ಯಾರೋ ಏನೋ ಯೋಳವ್ರೆ.” ಪೊಲೀಸರಿಗೆ ಹೇಳುತ್ತೇವೆಂದು ಹೆದರಿದ್ದಳು. ಕಾರ್ಡಿನ ವಿಷಯ ಕೇಳಲು ಬಂದಿಲ್ಲ, ನಿಮ್ಮ ಆರೋಗ್ಯ ಕೇಳಲು ಬಂದದ್ದು ಎಂದು ಮೇಡಂ ಮತ್ತೆ ಮತ್ತೆ ಹೇಳಿದರು. ಕೊನೆಗೆ ಚಾಪೆ ಹಾಸಿ ತಾನೂ ಕೂತಳು.

“ನರ್ಸಮ್ಮ ಅಕ್ಕನ್ ಎಸ್ರು ಕೂಗುದ್ಲು. ನಾನು ಊಂ ಅಂದ್ಬುಟ್ಟೆ” ಎಂದಳು. “ಅಕ್ಕ ಆಗಿ ಎದ್ದೋಗಿ ಅಲ್ಲಿ ಮಲೀಕಂಡೆ. ಏನೂ ಇಲ್ಲ, ಎಲ್ಲ ಸರ್ಯಾಗದೆ ಅಂದ್ರು. ನಂಗ್ ಆವಾಗ್ಲೇ ಗೊತ್ತಾಯ್ತು, ಅಕ್ಕ ನನ್ನ ಬುಡಾಕಿಲ್ಲ ಅಂತ. ಅವತ್ತಿಂದ ಒಟ್ಟೇಲಿ ಅಕ್ಕ ಬಂದ್ ಕೂತಂಗೆ ಆಯ್ತದೆ. ಉಣ್ಣಕ್ ಓದ್ರೆ ಸಾಕು ಅಂತಾಳೆ. ಮಗ್ಗುಲಾಗಕ್ ಓದ್ರೆ ತಾನೂ ತಿರುಗ್ತಾಳೆ. ಸತ್ತೋರ್ ಎಸ್ರಿಗೆ ಊಂ ಅನ್ಬಾರ್ದಾಗಿತ್ತು.”

“ಹೆಸರಿನಿಂದ ಕಾಯಿಲೆ ಬರಲ್ಲಮ್ಮ” ಎಂದರು ಮೇಡಂ. “ಕೆಲವು ಕಾಯಿಲೆ ಒಂದೇ ರಕ್ತದಲ್ಲಿ ಹರಿದು ಬರುತ್ತೆ. ಅಕ್ಕನಿಗಿದ್ದದ್ದು ತಂಗಿಗೂ ಬರಬಹುದು. ನೀನು ತಪ್ಪು ಮಾಡಿದ್ದಕ್ಕಲ್ಲ. ನಿನ್ನ ಚಿತ್ರದಲ್ಲಿ ನಮ್ಮ ಕಣ್ಣಿಗೆ ಏನೂ ಕಾಣ್ಲಿಲ್ಲ, ಒಂದು ಯಂತ್ರಕ್ಕೆ ಅನುಮಾನ ಬಂದಿದೆ. ಇನ್ನೊಂದು ಸಲ ನೋಡೋಣ.”

ಅವಳು ಮುಖವೆತ್ತಿದಳು. “ಡಾಕ್ಟ್ರುಗೇ ಕಾಣ್ದಿದ್ದು ಮಿಸಿನ್ನಿಗೆ ಎಂಗ್ ಕಾಣ್ತು?”

ನೆಲದೊಳಗಿನ ಆ ನಾದ ಕೋಣೆಯ ತುಂಬ ಇತ್ತು. “ಗೊತ್ತಿಲ್ಲ ಕಣಮ್ಮ” ಎಂದರು ಮೇಡಂ. ಡಾಕ್ಟರೊಬ್ಬರು ರೋಗಿಯ ಎದುರಿಗೆ ಹಾಗೆ ಹೇಳಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಆ ಮಾತು ಕೇಳಿಯೇ ಇರಬೇಕು, ಅವಳು ಎದ್ದು ಸೀರೆ ಸರಿಮಾಡಿಕೊಂಡು, “ಯಾವತ್ ಬರ್ಲಿ?” ಎಂದಳು.

ಸೋಮವಾರ ಗಂಡನ ಜೊತೆ ಮಂಡ್ಯಕ್ಕೆ ಬಂದಳು. ಮೇಡಂ ತಾವೇ ಸ್ಕ್ಯಾನ್ ಮಾಡಿದರು. ಬಲ ಅಂಡಾಶಯದಲ್ಲಿ ಈಗ ಕಪ್ಪು ನೀರಿನ ಸಣ್ಣ ಗುಂಡಿಯಿತ್ತು, ಅದರ ಗೋಡೆಯಿಂದ ಒಳಕ್ಕೆ ರಾಗಿಕಾಳಿನಷ್ಟು ದಪ್ಪದ ಎರಡು ಮೊಳಕೆ. ಯಂತ್ರ ಕೆಂಪು ಹಚ್ಚಿದ್ದ ಜಾಗವೇ. ರಕ್ತ ಪರೀಕ್ಷೆ, ಸಿಟಿ ಸ್ಕ್ಯಾನ್ ಆಗಿ, ಮೈಸೂರಿನ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಎರಡೂ ಅಂಡಾಶಯ, ಗರ್ಭಕೋಶ ತೆಗೆದರು. ತೆಗೆದದ್ದನ್ನು ಪರೀಕ್ಷೆಗೆ ಕಳಿಸಿ ಹನ್ನೆರಡು ದಿನ ಕಾದೆವು. ಆ ಹನ್ನೆರಡು ದಿನ ನಾನು ಆಫೀಸಿನಲ್ಲಿ ‘ಸಾಮಾನ್ಯ’ ಎಂದು ಒತ್ತುವ ಮೊದಲು ಪ್ರತಿ ಸಲವೂ ಕೈ ಹಿಂದೆಗೆದು ಇನ್ನೊಮ್ಮೆ ನೋಡುತ್ತಿದ್ದೆ. ದಿನಕ್ಕೆ ಮುಗಿಸಬೇಕಾದ ಚಿತ್ರಗಳಲ್ಲಿ ಅರ್ಧವೂ ಮುಗಿಯುತ್ತಿರಲಿಲ್ಲ. ಯಾರೂ ನನ್ನನ್ನು ಬೈಯಲಿಲ್ಲ. ಉಳಿದ ಮೂವರೂ ಹಾಗೇ ಮಾಡುತ್ತಿದ್ದರು.

ಕ್ಯಾನ್ಸರ್ ಹೌದು ಎಂದು ಬಂತು. ಆದರೆ ಅಂಡಾಶಯದ ಆಚೆ ಕಾಲಿಟ್ಟಿರಲಿಲ್ಲ. ಮೇಡಂ ಅದನ್ನು ಫೋನಿನಲ್ಲಿ ಎರಡು ಸಲ ಹೇಳಿದರು.

ತಪ್ಪು ಹೆಸರಿನ ದಾಖಲೆಯನ್ನು ಸರಿಪಡಿಸಲು ಮೇಡಂ ಆಸ್ಪತ್ರೆಗೆ ಕಾಗದ ಬರೆದರು, ಆ ತಂಗಿಗೆ ಅವಳದ್ದೇ ಕಾರ್ಡು ಮಾಡಿಸಲು ಮಳವಳ್ಳಿಯ ತಾಲ್ಲೂಕು ಕಚೇರಿಗೆ ನಾನೇ ನಾಲ್ಕು ಸಲ ಅಲೆದೆ. ಪೂರಿಗಾಲಿಯ ಭಾವನಿಗೂ ನಿಜ ತಿಳಿಯಿತು. ಅವನು ಕೋಪ ಮಾಡಿಕೊಳ್ಳಲಿಲ್ಲ. ಮುದುಕಿ ಮಾತ್ರ ಒಪ್ಪಲಿಲ್ಲವಂತೆ. ತಂಗಿಯ ನಡಿಗೆ ಬೇರೆ, ಅವತ್ತು ಬಂದವಳ ನಡಿಗೆ ಬೇರೆ, ನನಗೆ ಹೇಳಿಕೊಡಬೇಡಿ ಎಂದಳಂತೆ.

ಕಾಯಿಲೆ ಮರಳದಿರಲೆಂದು ಕೊಡುವ ಕೀಮೋ ಇಂಜೆಕ್ಷನ್ನುಗಳು ನಡೆಯುತ್ತಿದ್ದಾಗ ಒಂದು ಭಾನುವಾರ ಬ್ಲಫ್‌ಗೆ ಹೋಗಿದ್ದೆ. ತಲೆಗೆ ಟವೆಲು ಸುತ್ತಿಕೊಂಡು ಮೆಟ್ಟಿಲ ಮೇಲೆ ಕೂತಿದ್ದಳು. ಕೂದಲು ಉದುರಿ ಹುಬ್ಬೂ ತೆಳ್ಳಗಾಗಿತ್ತು. ಈಗ ಅಕ್ಕನ ಹಾಗೆ ಕಾಣುತ್ತಿರಲಿಲ್ಲ, ಯಾರ ಹಾಗೂ ಕಾಣುತ್ತಿರಲಿಲ್ಲ. ಹೇಗಿದ್ದೀರಿ ಎಂದೆ.

“ಒಟ್ಟೆ ಅಗುರಾಗದೆ” ಎಂದಳು. “ಅಕ್ಕ ಎದ್ದೋದ್ಲು. ಒಂದೊಂದ್ ಸಲ ಅದೇ ಬೇಜಾರಾಯ್ತದೆ ಕಣಮ್ಮ. ಎದ್ರುಕೆ ಆಗ್ಲಿ ಏನೇ ಆಗ್ಲಿ, ಜೊತೆಲಿದ್ಲು.”

ಅವಳು ಮಾಡಿಕೊಟ್ಟ ಟೀ ಕುಡಿದು ಎದ್ದು ಬಂದೆ.

ಅವಳ ಚಿಕಿತ್ಸೆ ಮುಗಿದು ಈಗ ಎರಡು ವರ್ಷವಾಗಿದೆ. ಮತ್ತೆ ಕೆಲಸಕ್ಕೆ ಹೋಗುತ್ತಿದ್ದಾಳೆ. ಅಕ್ಕನ ಮಗಳಿಗೂ ರಕ್ತ ಪರೀಕ್ಷೆ ಮಾಡಿಸಬೇಕೆಂದು ಮೇಡಂ ಹೇಳಿದ್ದರು. ಮನೆತನದಲ್ಲಿ ಹರಿದು ಬಂದ ಆ ಜೀನ್ ದೋಷ ಅವಳಲ್ಲೂ ಇದೆ ಎಂದು ತಿಳಿಯಿತು. ಹಾಗೆಂದರೆ ಕಾಯಿಲೆ ಬಂದೇ ಬರುತ್ತದೆ ಎಂದಲ್ಲ. ಎಚ್ಚರವಾಗಿರಬೇಕು, ಮುಂದೆ ಮಕ್ಕಳಾದ ಮೇಲೆ ಅಂಡಾಶಯ ತೆಗೆಸುವ ಬಗ್ಗೆ ಯೋಚಿಸಬೇಕು ಎಂದು ಮೇಡಂ ಕೂರಿಸಿಕೊಂಡು ಬಿಡಿಸಿ ಹೇಳಿದರು. ಹುಡುಗಿ ಎಲ್ಲ ಕೇಳಿ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.

ಹೋದ ತಿಂಗಳು ಮಂಡ್ಯದಲ್ಲಿ ಅವಳ ಸ್ಕ್ಯಾನ್ ಇತ್ತು. ಜೊತೆಗೆ ಬನ್ನಿ ಅಕ್ಕ ಎಂದು ಕರೆದಳು, ಹೋಗಿದ್ದೆ. ಯಂತ್ರ ಈಗ ಆ ಕೋಣೆಯಲ್ಲೇ ಇದೆ, ಪರೀಕ್ಷೆಯ ಮಟ್ಟದಲ್ಲಿ, ಇನ್ನೊಂದು ಪುಟ್ಟ ಪರದೆಯಾಗಿ. ಮೇಡಂ ಎಡ ನೋಡಿದರು, ಬಲ ನೋಡಿದರು. ಪುಟ್ಟ ಪರದೆಯಲ್ಲಿ ಎಲ್ಲೂ ಕೆಂಪು ಮೂಡಲಿಲ್ಲ. “ಏನಿಲ್ಲ, ಏಳು” ಎಂದರು.

ಅವಳು ಏಳಲಿಲ್ಲ. ಕತ್ತು ತಿರುಗಿಸಿ ಪರದೆಯನ್ನೇ ನೋಡುತ್ತಿದ್ದಳು. “ಇದು ನಾನಾ?” ಎಂದು ಕೇಳಿದಳು.

“ಹೂಂ, ನಿನ್ನದೇ.”

“ಏನೂ ಇಲ್ಲ ಅಂದ್ರೆ ನಿಮಗೆ ಕಾಣ್ತಿಲ್ಲ ಅಂತಾನಾ, ನಿಜವಾಗ್ಲೂ ಇಲ್ಲ ಅಂತಾನಾ?”

ಮೇಡಂ ಅವಳ ಹೊಟ್ಟೆಯ ಮೇಲಿನ ಜೆಲ್ ಒರೆಸುತ್ತ, “ಇವತ್ತಿಗೆ ಇಲ್ಲ. ಆರು ತಿಂಗಳಿಗೆ ಮತ್ತೆ ಬಾ” ಎಂದರು. ಅವಳು ಹೊರಗೆ ಹೋಗಿ ಚಪ್ಪಲಿ ಮೆಟ್ಟುವ ಸದ್ದು ಕೇಳಿತು. ಮೇಡಂ ಮುಂದಿನ ಚೀಟಿ ಎತ್ತಿಕೊಂಡರು. ನಾನು ಮಾತ್ರ ಆ ಬೂದು ಚಿತ್ರದ ಮುಂದೆ ಇನ್ನೂ ಸ್ವಲ್ಪ ಹೊತ್ತು ನಿಂತಿದ್ದೆ, ಅದರಲ್ಲಿ ಏನೂ ಇಲ್ಲವೆಂದು ನನಗೆ ನಾನೇ ಹೇಳಿಕೊಳ್ಳುತ್ತ.